ಬೈಕನ್ನು ಟ್ರ್ಯಾಕ್‌ಗೆ ಸಜ್ಜು ಮಾಡುವುದು, ಟ್ರ್ಯಾಕ್‌ನಲ್ಲಿ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಚೆನ್ನೈ ರೇಸ್ ಟ್ರ್ಯಾಕ್‌ಗೆ ಮೊದಲ ಸಲ ಹೊರಡುವ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. 150ರಿಂದ 400 ಸಿಸಿ ಬೈಕ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಟ್ರ್ಯಾಕ್ ಅಂದರೆ ಎಲ್ಲಿಗೆ ಹೋಗಬೇಕು?

ನಮ್ಮ ಕಡೆಯವರು ಜಾಸ್ತಿ ಹೋಗುವುದು ಇರುಂಗಾಟ್ಟುಕೋಟೈಗೆ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಅದು. ಒಂದು ಸುತ್ತು 3.717 ಕಿ.ಮೀ, 12 ತಿರುವು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅದು ಚಿಕ್ಕದು, 2.1 ಕಿ.ಮೀ. ಸಣ್ಣ ಬೈಕಿನಲ್ಲಿ ಕಲಿಯುವವರಿಗೆ ಬಹಳ ಚೆನ್ನಾಗಿದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಗೊತ್ತೇ ಇರುತ್ತದೆ. 2011ರಿಂದ 2013ರವರೆಗೆ ಅಲ್ಲಿ ಫಾರ್ಮುಲಾ ಒನ್ ನಡೆಯಿತು, 2023ರಲ್ಲಿ ಮೋಟೊಜಿಪಿ ಬಂತು. ಆದರೆ ಅದು ದೊಡ್ಡ ಬೈಕುಗಳ ಜಾಗ. 150 ಸಿಸಿ ಬೈಕ್ ಅಲ್ಲಿನ ಉದ್ದ ಸ್ಟ್ರೇಟ್‌ನಲ್ಲಿ (ತಿರುವಿಲ್ಲದ ನೇರ ಭಾಗದಲ್ಲಿ) ಸುಮ್ನೆ ಕಿರುಚಿಕೊಂಡು ಓಡುತ್ತಿರುತ್ತದೆ.

ದೊಡ್ಡ ಬೈಕ್ ತೆಗೆದುಕೊಂಡ ಮೇಲೆ ಹೋಗೋಣ ಅಂತ ಕಾಯುತ್ತಿದ್ದೇನೆ. ಸರೀನಾ?

ಕಾಯಬೇಡಿ. ಈಗ ಮನೆ ಮುಂದೆ ನಿಂತಿರುವ ಬೈಕಿನಲ್ಲೇ ಹೋಗಿ. ಯಮಹಾ ಆರ್15, ಅಪಾಚೆ ಆರ್‌ಆರ್ 310, ಕೆಟಿಎಂ ಆರ್‌ಸಿ 390 ಇದ್ದರಂತೂ ಕಲಿಯಲು ಬೇಕಾದ್ದೆಲ್ಲ ಇದ್ದ ಹಾಗೆ. ಸಣ್ಣ ಬೈಕಿನಲ್ಲಿ ಶಕ್ತಿ ಕಡಿಮೆ. ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಸ್ಟ್ರೇಟ್‌ನಲ್ಲಿ ಆಕ್ಸಿಲರೇಟರ್ ತಿರುಚಿ ವಾಪಸ್ ತರಲು ಆಗುವುದಿಲ್ಲ. ಹಾಗಾಗಿ ತಿರುವನ್ನು ಸರಿಯಾಗಿ ಓಡಿಸಲೇಬೇಕಾಗುತ್ತದೆ. 1000 ಸಿಸಿ ಬೈಕ್ ಸವಾರನ ತಪ್ಪನ್ನು ಮುಚ್ಚಿಡುತ್ತದೆ. 150 ಸಿಸಿ ಬೈಕ್ ಅದನ್ನು ಎತ್ತಿ ತೋರಿಸುತ್ತದೆ.

ಹೊರಡುವ ಮುಂಚೆ ಬೈಕಿಗೆ ಏನೇನು ಮಾಡಿಸಬೇಕು?

ಮೊದಲು ಸರ್ವಿಸ್. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಚೈನ್. ಪ್ಯಾಡ್ ಅರ್ಧ ಸವೆದಿದ್ದರೆ ಹೊಸದು ಹಾಕಿಸಿ. ಊರಿನಲ್ಲಿ ಆರು ತಿಂಗಳು ಬರುವ ಪ್ಯಾಡ್ ಟ್ರ್ಯಾಕ್‌ನಲ್ಲಿ ಎರಡು ದಿನಕ್ಕೆ ಮುಗಿದದ್ದು ಇದೆ. ಚೈನ್ ತೀರಾ ಬಿಗಿ ಬೇಡ. ಸವಾರ ಕೂತು ಹಿಂಭಾಗ ಇಳಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಸ್ಪ್ರಾಕೆಟ್ ಹಲ್ಲು ಒಂದು ಕಡೆಗೆ ಬಾಗಿ ಚೂಪಾಗಿದ್ದರೆ ಇಡೀ ಚೈನ್ ಸೆಟ್ ಬದಲಿಸಿ.

ಬ್ರೇಕ್ ಆಯಿಲ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದಯವಿಟ್ಟು ನೀವು ಕೆಡಿಸಿಕೊಳ್ಳಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹಾಗೆ ನೀರು ಹಿಡಿದ ಡಾಟ್ 4ಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಸುತ್ತಿನ ಮೇಲೆ ಸುತ್ತು ಜೋರಾಗಿ ಬ್ರೇಕ್ ಹಿಡಿದಾಗ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ. ಆಗ ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಬೈಕ್ ನಿಲ್ಲುವುದಿಲ್ಲ. ಹೊಸ ಆಯಿಲ್‌ಗೆ ಆಗುವ ಖರ್ಚು ಒಂದು ಹೋಟೆಲ್ ಊಟದಷ್ಟು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಿ.

ಆಮೇಲೆ ಬಿಚ್ಚುವ ಕೆಲಸ. ಕನ್ನಡಿ, ನಂಬರ್ ಪ್ಲೇಟ್, ಸೀರೆ ಗಾರ್ಡ್, ಸೈಡ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡ್ ಬಿಚ್ಚಿದರೆ ಅದರ ಸ್ವಿಚ್ಚಿಗೂ ವ್ಯವಸ್ಥೆ ಮಾಡಬೇಕು, ಇಲ್ಲದಿದ್ದರೆ ಕೆಲವು ಬೈಕ್ ಸ್ಟಾರ್ಟೇ ಆಗುವುದಿಲ್ಲ. ಹೆಡ್‌ಲೈಟ್, ಇಂಡಿಕೇಟರ್ ಮೇಲೆ ಟೇಪ್ ಸುತ್ತಿ, ಒಡೆದರೂ ಚೂರು ಟ್ರ್ಯಾಕ್ ಮೇಲೆ ಬೀಳಬಾರದು. ರೇಸ್ ಆದರೆ ಆಯಿಲ್ ಡ್ರೈನ್ ಬೋಲ್ಟ್, ಆಯಿಲ್ ಫಿಲ್ಟರ್ ಇವು ಬಿಚ್ಚಿಕೊಳ್ಳದಂತೆ ಲಾಕ್‌ವೈರ್ (ತೆಳು ತಂತಿ) ಕಟ್ಟಿರಬೇಕು. ಕೆಳಗೆ ಆಯಿಲ್ ಹಿಡಿಯುವ ಬೆಲ್ಲಿ ಪ್ಯಾನ್ ಇರಬೇಕು. ನಿಮ್ಮ ಬೈಕಿನಿಂದ ಸೋರಿದ ಆಯಿಲ್‌ಗೆ ಹಿಂದೆ ಬರುವ ಹತ್ತು ಜನ ಬೀಳಬಹುದು. ಈ ನಿಯಮಗಳೆಲ್ಲ ಹುಟ್ಟಿರುವುದು ಅದಕ್ಕೇ.

ಕೊನೆಗೆ ಎರಡೂ ಚಕ್ರದ ಆಕ್ಸಲ್ ನಟ್, ಬ್ರೇಕಿನ ಕ್ಯಾಲಿಪರ್ ಬೋಲ್ಟ್, ಹ್ಯಾಂಡಲ್ ಬೋಲ್ಟ್ ನಿಮ್ಮ ಕೈಯಾರೆ ಮುಟ್ಟಿ ನೋಡಿ. ಒಂದು ಸಲ ಗ್ಯಾರೇಜಿನಿಂದ ತಂದ ನನ್ನ ಬೈಕಿನಲ್ಲಿ ಕ್ಯಾಲಿಪರ್ ಬೋಲ್ಟ್ ಬರೀ ಬೆರಳಲ್ಲಿ ತಿರುಗುವಷ್ಟು ಸಡಿಲ ಇತ್ತು. ಪಿಟ್‌ನಲ್ಲೇ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸಿ ಕೆಲಸ ಮಾಡುವ ಜಾಗ) ಕಣ್ಣಿಗೆ ಬಿತ್ತು, ಬಚಾವಾದೆ. ಅವತ್ತಿನಿಂದ ಅಳತೆ ನೋಡಿ ಬೋಲ್ಟ್ ಬಿಗಿ ಮಾಡುವ ಟಾರ್ಕ್ ವ್ರೆಂಚ್ ನನ್ನ ಬ್ಯಾಗಿನಲ್ಲೇ ಇರುತ್ತದೆ. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಗೆರೆ ಜರುಗಿದ್ದರೆ ಬೋಲ್ಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಕೂಲೆಂಟ್ ತೆಗೆದು ನೀರು ಹಾಕಬೇಕಂತೆ, ಯಾಕೆ?

ಇಂಜಿನ್ ತಂಪಾಗಿಡುವ ಕೂಲೆಂಟಿನಲ್ಲಿ ಗ್ಲೈಕಾಲ್ ಇರುತ್ತದೆ. ಅದು ಟ್ರ್ಯಾಕ್ ಮೇಲೆ ಚೆಲ್ಲಿದರೆ ಸಾಬೂನಿನ ಹಾಗೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಹಾಕಿ. ವಾಪಸ್ ಬಂದ ಮೇಲೆ ಮರೆಯದೆ ಕೂಲೆಂಟ್ ತುಂಬಿಸಿ, ಬರೀ ನೀರು ಉಳಿದರೆ ಒಳಗೆ ತುಕ್ಕು ಹಿಡಿಯುತ್ತದೆ.

ಟೈರ್ ಯಾವುದು? ಗಾಳಿ ಎಷ್ಟು?

ಇರುವ ದುಡ್ಡನ್ನು ಒಂದೇ ಕಡೆ ಹಾಕಬೇಕು ಅಂದರೆ ಟೈರ್‌ಗೆ ಹಾಕಿ. ಸೈಲೆನ್ಸರ್, ಏರ್ ಫಿಲ್ಟರ್ ಎಲ್ಲ ಆಮೇಲೆ. ಬೈಕು ನೆಲ ಮುಟ್ಟುವುದು ಎರಡು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಬ್ರೇಕ್, ಸಸ್ಪೆನ್ಷನ್, ನಿಮ್ಮ ಕೈಚಳಕ, ಎಲ್ಲವೂ ಆ ಜಾಗದ ಮೂಲಕವೇ ಕೆಲಸ ಮಾಡಬೇಕು.

ಮೊದಲ ಕೆಲವು ಟ್ರ್ಯಾಕ್ ಡೇಗೆ (ರೇಸ್ ಇಲ್ಲದೆ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ) ಒಳ್ಳೆಯ ಮೆತ್ತನೆ ಕಾಂಪೌಂಡಿನ ರೋಡ್ ಟೈರ್ ಸಾಕು. ಗೀರುಗಳೇ ಇಲ್ಲದ ನುಣುಪಾದ ರೇಸ್ ಟೈರ್, ಅಂದರೆ ಸ್ಲಿಕ್, ಬೇಡ. ಸ್ಲಿಕ್ ಸರಿಯಾಗಿ ಬಿಸಿಯಾಗದಿದ್ದರೆ ರೋಡ್ ಟೈರಿಗಿಂತ ಕೆಟ್ಟದಾಗಿ ಜಾರುತ್ತದೆ. ಅದನ್ನು ಬಿಸಿ ಇಡುವಷ್ಟು ವೇಗ ಹೊಸಬರಿಗೆ ಇರುವುದಿಲ್ಲ. ಟೈರ್ ಹಳೆಯದಾ ಅಂತಲೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಟ್ರೆಡ್ ಚೆನ್ನಾಗಿದ್ದರೂ ಐದಾರು ವರ್ಷ ಬಿಸಿಲು ತಿಂದ ಟೈರ್ ಗಟ್ಟಿಯಾಗಿರುತ್ತದೆ, ಅದು ಟ್ರ್ಯಾಕ್‌ಗೆ ಬೇಡ.

ಗಾಳಿ ವಿಷಯದಲ್ಲಿ ಯಾರೋ ಹೇಳಿದ ಒಂದು ನಂಬರ್ ಹಿಡಿದುಕೊಂಡು ಕೂರಬೇಡಿ. ಕಂಪನಿ ಹೇಳಿದ ಲೆಕ್ಕ ಇಬ್ಬರು ಕೂತು ಹೆದ್ದಾರಿಯಲ್ಲಿ ಹೋಗುವುದನ್ನೂ ಗಮನದಲ್ಲಿ ಇಟ್ಟುಕೊಂಡಿರುತ್ತದೆ. ಟ್ರ್ಯಾಕ್‌ನಲ್ಲಿ ರೋಡ್ ಟೈರಿಗೆ ಅದಕ್ಕಿಂತ ಎರಡು ಮೂರು ಪಿಎಸ್‌ಐ ಕಡಿಮೆಯಿಂದ ಶುರು ಮಾಡಿ. ಸೆಷನ್ (ಒಂದು ಸರದಿಯ ಓಟ) ಮುಗಿಸಿ ಪಿಟ್‌ಗೆ ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮುಂಚೆಯೇ, ಮತ್ತೆ ಅಳೆಯಿರಿ. ತಣ್ಣಗಿದ್ದಾಗ 28 ಇದ್ದದ್ದು 31 ಆಗಿದ್ದರೆ ಸರಿ. 35ಕ್ಕೆ ಏರಿದ್ದರೆ ಟೈರ್ ಜಾಸ್ತಿ ಬಿಸಿಯಾಗುತ್ತಿದೆ ಅಂತ ಅರ್ಥ. ಇಲ್ಲಿ ಒಂದು ವಿಚಿತ್ರ ಇದೆ. ಶುರುವಿನಲ್ಲಿ ಗಾಳಿ ತೀರಾ ಕಡಿಮೆ ಇದ್ದರೂ ಹೀಗೆ ಆಗುತ್ತದೆ. ಟೈರಿನ ಗೋಡೆ ಜಾಸ್ತಿ ಮಡಚಿ ಬಿಚ್ಚಿ ತನ್ನಷ್ಟಕ್ಕೆ ಕಾಯುತ್ತದೆ. ರೇಸ್ ಟೈರ್ ಆದರೆ ಕಂಪನಿ ಬಿಸಿ ಇದ್ದಾಗ ಎಷ್ಟಿರಬೇಕು ಅಂತ ಹೇಳಿರುತ್ತದೆ, ಅದನ್ನೇ ಪಾಲಿಸಿ. ಗೇಜ್ ನಿಮ್ಮದೇ ಇರಲಿ. ಪೆಟ್ರೋಲ್ ಬಂಕಿನ ಮೀಟರ್‌ಗಳು ಒಂದಕ್ಕೊಂದು ತಾಳೆ ಆಗುವುದಿಲ್ಲ. ನಿಮ್ಮ ಗೇಜ್ ಒಂದು ಪಿಎಸ್‌ಐ ತಪ್ಪು ತೋರಿಸಿದರೂ ದಿನಾ ಅಷ್ಟೇ ತಪ್ಪು ತೋರಿಸುತ್ತದೆ, ಅಷ್ಟು ಸಾಕು.

ನಾನು ಬಿದ್ದದ್ದು ಟೈರಿನಿಂದಲೇ. ಬೆಳಗಿನ ಮೊದಲ ಸೆಷನ್, ಎರಡನೇ ಸುತ್ತು. ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ, ಹಾಗಾಗಿ ಟೈರಿನ ಬಲಗಡೆ ಬೇಗ ಬಿಸಿಯಾಗುತ್ತದೆ, ಎಡಗಡೆ ತಡ. ಬಲ ತಿರುವುಗಳಲ್ಲಿ ಗ್ರಿಪ್ ಚೆನ್ನಾಗಿ ಸಿಕ್ಕಿತು ಅಂತ ಅದೇ ಧೈರ್ಯದಲ್ಲಿ ಎಡ ತಿರುವಿಗೆ ಬಗ್ಗಿಸಿದೆ. ಮುಂದಿನ ಚಕ್ರ ಮಡಚಿಕೊಂಡು ಹೋಯಿತು. ಈಗ ಮೊದಲ ಮೂರು ಸುತ್ತು ಎಷ್ಟೇ ಜನ ಹಿಂದೆ ಹಾಕಿ ಹೋದರೂ ನನ್ನ ವೇಗ ಏರಿಸುವುದಿಲ್ಲ.

ಸಸ್ಪೆನ್ಷನ್ ಸೆಟ್ ಮಾಡುವುದು ಅಂದರೆ ಏನು? ನಮ್ಮ ಬೈಕಿನಲ್ಲಿ ಅಡ್ಜಸ್ಟ್ ಮಾಡಲು ಏನೂ ಇಲ್ಲ.

ಏನೂ ಇಲ್ಲ ಅನ್ನುವ ಬೈಕಿನಲ್ಲೂ ಅಳೆಯಬಹುದು. ಅಳೆದರೆ ಅರ್ಧ ವಿಷಯ ತಿಳಿಯುತ್ತದೆ. ಮೊದಲು ಅಳೆಯಬೇಕಾದದ್ದು ಸ್ಯಾಗ್, ಅಂದರೆ ನೀವು ಕೂತಾಗ ಬೈಕ್ ಎಷ್ಟು ಕುಗ್ಗುತ್ತದೆ ಅನ್ನುವುದು.

ಇದಕ್ಕೆ ಮೂರು ಜನ ಬೇಕು. ಒಬ್ಬರು ಬೈಕ್ ಹಿಡಿದುಕೊಳ್ಳಲು, ಒಬ್ಬರು ಅಳೆಯಲು, ಒಬ್ಬರು ಸೂಟ್, ಬೂಟ್, ಹೆಲ್ಮೆಟ್ ಎಲ್ಲ ಹಾಕಿಕೊಂಡು ಕೂರಲು. ಮುಂದಿನ ಚಕ್ರ ನೆಲ ಬಿಟ್ಟಾಗ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಹೊಳೆಯುವ ಭಾಗ ಎಷ್ಟು ಉದ್ದ ಕಾಣುತ್ತದೆ ಅಂತ ಅಳೆಯಿರಿ. 125 ಮಿ.ಮೀ ಅಂದುಕೊಳ್ಳಿ. ಈಗ ಸವಾರ ಓಡಿಸುವ ಭಂಗಿಯಲ್ಲೇ ಕೂರಲಿ. ಹ್ಯಾಂಡಲನ್ನು ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು ಒಮ್ಮೆ ಅಳೆಯಿರಿ. ಮೇಲೆ ಎತ್ತಿ ಮೆಲ್ಲಗೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡೂ ಒಂದೇ ಬರುವುದಿಲ್ಲ, ಒಳಗೆ ತಿಕ್ಕಾಟ ಇರುತ್ತದೆ. ಎರಡರ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಅದು 90 ಬಂದರೆ ಸ್ಯಾಗ್ 35 ಮಿ.ಮೀ. ಹಿಂದೆಯೂ ಇದೇ ಲೆಕ್ಕ, ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ. ಟ್ರ್ಯಾಕ್‌ಗೆ ಎರಡೂ ಕಡೆ 30ರಿಂದ 35 ಇದ್ದರೆ ಒಳ್ಳೆಯ ಶುರು.

ಸ್ಯಾಗ್ ಜಾಸ್ತಿ ಇದ್ದರೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಏರಿಸಿ. ಆದರೆ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕ್ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸರಿ ಇದೆಯಾ ಅಂತ ತಿಳಿಯಲು ಇನ್ನೊಂದು ಅಳತೆ ಬೇಕು. ಸವಾರ ಇಳಿದ ಮೇಲೆ ಬೈಕ್ ತನ್ನ ತೂಕಕ್ಕೆ ತಾನೇ ಹಿಂದೆ ಎಷ್ಟು ಕುಗ್ಗುತ್ತದೆ ನೋಡಿ. 5ರಿಂದ 10 ಮಿ.ಮೀ ಇರಬೇಕು. ಕೂತಾಗಿನ ಸ್ಯಾಗ್ ಸರಿ ಮಾಡಿದ ಮೇಲೆ ಇಳಿದಾಗ ಒಂದು ಚೂರೂ ಕುಗ್ಗುತ್ತಿಲ್ಲ ಅಂದರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು. ತೀರಾ ಕುಗ್ಗಿದರೆ ಸ್ಪ್ರಿಂಗ್ ನಿಮಗೆ ಗಟ್ಟಿಯಾಯಿತು. ನಮ್ಮ ಸಣ್ಣ ಬೈಕುಗಳಲ್ಲಿ 80 ಕೆ.ಜಿ. ದಾಟಿದವರಿಗೆ ಮೊದಲನೆಯದೇ ಹೆಚ್ಚು.

ಫೋರ್ಕಿನಲ್ಲಿ ಅಡ್ಜಸ್ಟ್ ಮಾಡುವ ಸ್ಕ್ರೂ, ಕ್ಲಿಕ್ಕರ್ ಏನೂ ಇಲ್ಲವಾದರೆ ಫೋರ್ಕ್ ಆಯಿಲ್ ಬದಲಿಸಿ. ಎರಡು ಮೂರು ವರ್ಷ ಓಡಿದ ಆಯಿಲ್ ನೀರಿನ ಹಾಗೆ ತೆಳ್ಳಗಾಗಿರುತ್ತದೆ. ಒಂದು ಹಂತ ದಪ್ಪನೆಯ ಆಯಿಲ್ ಹಾಕಿಸಿದರೆ ಬ್ರೇಕ್ ಹಿಡಿದಾಗ ಮುಂಭಾಗ ಮುಗ್ಗರಿಸುವುದು ಕಡಿಮೆಯಾಗುತ್ತದೆ. ಕಡಿಮೆ ದುಡ್ಡಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಬೇರೆ ಇಲ್ಲ.

ಇನ್ನೊಂದು ಪುಟ್ಟ ಉಪಾಯ. ಫೋರ್ಕಿನ ಮೇಲೆ ಒಂದು ತೆಳು ಕೇಬಲ್ ಟೈ ಕಟ್ಟಿ ಓಡಿಸಿ. ಫೋರ್ಕ್ ಎಲ್ಲಿಯವರೆಗೆ ಕುಗ್ಗಿತು ಅಂತ ಅದು ತೋರಿಸುತ್ತದೆ. ಕೊನೆಯವರೆಗೂ ತಳ್ಳಿದ್ದರೆ ಫೋರ್ಕ್ ತಳ ಮುಟ್ಟಿದೆ. ಕೊನೆಗೆ ಒಂದು ಸೆಂಟಿಮೀಟರ್ ಉಳಿದಿದ್ದರೆ ಸರಿಯಾಗಿದೆ.

ರೀಬೌಂಡ್, ಕಂಪ್ರೆಷನ್ ಇರುವವರು?

ಆರ್‌ಆರ್ 310ರ ಡೈನಾಮಿಕ್ ಕಿಟ್‌ನಲ್ಲಿ ಇವು ಬರುತ್ತವೆ. ಕಂಪ್ರೆಷನ್ ಅಂದರೆ ಕುಗ್ಗುವ ವೇಗಕ್ಕೆ ಕಡಿವಾಣ, ರೀಬೌಂಡ್ ಅಂದರೆ ವಾಪಸ್ ಏಳುವ ವೇಗಕ್ಕೆ. ಮೊದಲು ಕಂಪನಿ ಹೇಳಿದ ಸೆಟ್ಟಿಂಗ್‌ಗೆ ತನ್ನಿ, ಅದನ್ನು ಬರೆದಿಡಿ. ಸೀಟನ್ನು ಜೋರಾಗಿ ಒತ್ತಿ ಬಿಟ್ಟಾಗ ಬೈಕ್ ಒಮ್ಮೆ ಎದ್ದು ನಿಲ್ಲಬೇಕು. ಕುಣಿದರೆ ರೀಬೌಂಡ್ ಕಡಿಮೆ. ಮೆಲ್ಲಗೆ ತೇಲಿಕೊಂಡು ಎದ್ದರೆ ಜಾಸ್ತಿ. ಎರಡು ಕ್ಲಿಕ್ ಬದಲಿಸಿ, ಓಡಿಸಿ, ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಕಡೆ ತಿರುಗಿಸಿ ಹೋದರೆ ಬೈಕ್ ಚೆನ್ನಾದರೂ ಯಾವುದರಿಂದ ಆಯಿತು ಅಂತ ತಿಳಿಯುವುದಿಲ್ಲ, ಹಾಳಾದರೂ ತಿಳಿಯುವುದಿಲ್ಲ.

ಫೋರ್ಕನ್ನು ಮೇಲಕ್ಕೆ ಎಳೆದರೆ ಬೈಕ್ ಬೇಗ ತಿರುಗುತ್ತದಂತೆ?

ತಿರುಗುತ್ತದೆ. ಕ್ಲಾಂಪಿನಲ್ಲಿ ಫೋರ್ಕ್ ಟ್ಯೂಬನ್ನು ಮೇಲೆ ಜರುಗಿಸಿದರೆ ಬೈಕಿನ ಮೂತಿ ಇಳಿಯುತ್ತದೆ, ಮುಂದಿನ ಚಕ್ರದ ಮೇಲೆ ಭಾರ ಏರುತ್ತದೆ. ಜೊತೆಗೆ ಜೋರು ವೇಗದಲ್ಲಿ, ಜೋರು ಬ್ರೇಕಿನಲ್ಲಿ ಬೈಕ್ ಅಲ್ಲಾಡುವುದೂ ಜಾಸ್ತಿಯಾಗುತ್ತದೆ. ಒಂದು ಸಲಕ್ಕೆ 3 ಮಿ.ಮೀ ದಾಟಬೇಡಿ, ಎರಡೂ ಕಡೆ ಸಮ ಇರಲಿ. ಮೊದಲ ವರ್ಷ ಇದನ್ನು ಮುಟ್ಟದಿದ್ದರೇ ಒಳ್ಳೆಯದು.

ಸ್ಪ್ರಾಕೆಟ್ ಬದಲಿಸಬೇಕಾ?

ಮುಂದೆ 14, ಹಿಂದೆ 48 ಹಲ್ಲಿನ ಬೈಕ್ ಅಂದುಕೊಳ್ಳಿ. ಮುಂದೆ ಒಂದೇ ಹಲ್ಲು ಕಡಿಮೆ ಮಾಡಿದರೆ ಹಿಂದೆ ಹೆಚ್ಚು ಕಡಿಮೆ ಮೂರೂಮುಕ್ಕಾಲು ಹಲ್ಲು ಜಾಸ್ತಿ ಮಾಡಿದಂತೆ. ದೊಡ್ಡ ಬದಲಾವಣೆ ಅದು. ಸ್ವಲ್ಪ ಸ್ವಲ್ಪ ಬೇಕಾದರೆ ಹಿಂದಿನದನ್ನು ಬದಲಿಸಿ. ಉದ್ದದ ಸ್ಟ್ರೇಟ್ ಮುಗಿಯುವ ಹೊತ್ತಿಗೆ ಕೊನೆಯ ಗೇರಿನಲ್ಲಿ ಇಂಜಿನ್ ಹತ್ತಿರ ಹತ್ತಿರ ರೆಡ್‌ಲೈನ್ (ಇಂಜಿನ್ ತಿರುಗಬಹುದಾದ ಗರಿಷ್ಠ ವೇಗದ ಗೆರೆ) ಮುಟ್ಟಬೇಕು. ಮುಂಚೆಯೇ ಮುಟ್ಟಿದರೆ ಗೇರಿಂಗ್ ಚಿಕ್ಕದಾಯಿತು. ಕೊನೆಯ ಗೇರ್ ಹಾಕುವ ಅವಕಾಶವೇ ಸಿಗುತ್ತಿಲ್ಲವಾದರೆ ದೊಡ್ಡದಾಯಿತು.

ಮೈಮೇಲೆ ಏನು ಹಾಕಿಕೊಳ್ಳಬೇಕು?

ಒಂದೇ ತುಂಡಿನ ಲೆದರ್ ಸೂಟ್, ಅಥವಾ ಸೊಂಟದ ಸುತ್ತ ಜಿಪ್ಪಿನಲ್ಲಿ ಸೇರುವ ಎರಡು ತುಂಡಿನದು. ಜೀನ್ಸ್, ಜಾಲರಿ ಜಾಕೆಟ್ ನಡೆಯುವುದಿಲ್ಲ. ಬೆನ್ನಿಗೆ ಸಿಇ ಲೆವೆಲ್ 2 (ಯುರೋಪಿನ ಸುರಕ್ಷತಾ ದರ್ಜೆ) ಪ್ರೊಟೆಕ್ಟರ್. ಮಣಿಕಟ್ಟು ದಾಟಿ ಬರುವ ಗ್ಲೌಸ್. ಕಣಕಾಲು ತಿರುಚದಂತೆ ಹಿಡಿಯುವ ಬೂಟು. ಬಿಗಿಯಾಗಿ ಕೂರುವ ಫುಲ್ ಫೇಸ್ ಹೆಲ್ಮೆಟ್, ಒಮ್ಮೆಯೂ ಬಿದ್ದಿರಬಾರದು. ಸೂಟ್ ಬಾಡಿಗೆಗೂ ಸಿಗುತ್ತದೆ, ಮೊದಲ ಸಲಕ್ಕೆ ಅದೇ ಸಾಕು. ನಿಂತಾಗ ಸೂಟ್ ಆರಾಮಾಗಿದ್ದರೆ ಅದು ದೊಡ್ಡದಾಯಿತು ಅಂತಲೇ ತಿಳಿಯಿರಿ. ಬಿದ್ದು ಉಜ್ಜಿಕೊಂಡು ಹೋಗುವಾಗ ಮೊಣಕೈ ಪ್ಯಾಡ್ ಜರುಗಬಾರದು ಅಲ್ವಾ?

ಮೊಣಕಾಲು ನೆಲಕ್ಕೆ ತಾಗಿಸುವುದು ಹೇಗೆ?

ಅದನ್ನು ಗುರಿ ಮಾಡಿಕೊಳ್ಳಬೇಡಿ. ಕೂರುವ ರೀತಿ ಸರಿಯಾಗಿ, ವೇಗ ಬಂದಾಗ ತಾನಾಗಿ ತಾಗುತ್ತದೆ.

ಹಾಗಾದರೆ ಕೂರುವುದು ಹೇಗೆ?

ಕಾಲಿನಿಂದ ಶುರು ಮಾಡಿ. ಪಾದದ ಮುಂಭಾಗ ಫುಟ್‌ಪೆಗ್ ಮೇಲಿರಲಿ, ಹಿಮ್ಮಡಿ ಅಲ್ಲ. ಬಲ ತಿರುವು ಬರುವಾಗ, ಬ್ರೇಕ್ ಹಿಡಿಯುವ ಮುಂಚೆಯೇ, ಅರ್ಧ ಕುಂಡಿ ಬಲಕ್ಕೆ ಜರುಗಲಿ. ಹೊರಗಿನ ಕಾಲಿನ ತೊಡೆಯನ್ನು ಟ್ಯಾಂಕಿಗೆ ಒತ್ತಿ ಲಾಕ್ ಮಾಡಿ. ಈಗ ನಿಮ್ಮನ್ನು ಹಿಡಿದಿರುವುದು ಕಾಲು, ಕೈಯಲ್ಲ. ಕೈ ಸಡಿಲ ಇರಬೇಕು, ಕೋಳಿಮರಿ ಹಿಡಿದ ಹಾಗೆ. ಮೇಲಿನ ಮೈ ಮುಂದಕ್ಕೆ, ಒಳಗಡೆಗೆ. ತಲೆ ಒಳಗಿನ ಕನ್ನಡಿ ಇರುತ್ತಿದ್ದ ಜಾಗದ ಕಡೆಗೆ.

ಇಷ್ಟೆಲ್ಲ ಯಾಕೆ? ನಿಮ್ಮ ಭಾರ ಒಳಗೆ ಹೋದರೆ ಅದೇ ವೇಗಕ್ಕೆ ಬೈಕ್ ಕಡಿಮೆ ಬಗ್ಗಿದರೆ ಸಾಕು. ಕಡಿಮೆ ಬಗ್ಗಿದಷ್ಟೂ ಟೈರಿಗೆ ಉಳಿತಾಯ. ಕುಂಡಿ ಮಾತ್ರ ಹೊರಗೆ ಹಾಕಿ ತಲೆಯನ್ನು ಟ್ಯಾಂಕಿನ ಆಚೆ ಬದಿಗೆ ಇಟ್ಟುಕೊಂಡವರ ಫೋಟೋ ಬೇಕಾದಷ್ಟು ನೋಡಿದ್ದೇನೆ. ಅದರಿಂದ ಲಾಭವಿಲ್ಲ, ಬರೀ ಸೊಂಟನೋವು. ಮನೆಯಲ್ಲಿ ಪ್ಯಾಡಕ್ ಸ್ಟ್ಯಾಂಡ್ ಮೇಲೆ ಬೈಕ್ ನಿಲ್ಲಿಸಿ ದಿನಾ ಹತ್ತು ನಿಮಿಷ ಎರಡೂ ಕಡೆಗೆ ಅಭ್ಯಾಸ ಮಾಡಿ, ಒಬ್ಬರು ಬೈಕ್ ಹಿಡಿದಿರಲಿ.

ಬ್ರೇಕ್ ಎಲ್ಲಿ, ಎಷ್ಟು ಹಿಡಿಯಬೇಕು?

ಗಂಟೆಗೆ 120 ಕಿ.ಮೀ ವೇಗ ಅಂದರೆ ಸೆಕೆಂಡಿಗೆ 33 ಮೀಟರ್. ಅರ್ಧ ಸೆಕೆಂಡ್ ಯೋಚಿಸುವಷ್ಟರಲ್ಲಿ ಸುಮಾರು 17 ಮೀಟರ್ ಹೋಗಿರುತ್ತೀರಿ. ಆದ್ದರಿಂದ ಎಲ್ಲಿ ಹಿಡಿಯಬೇಕು ಅನ್ನುವುದು ಮೊದಲೇ ನಿಗದಿಯಾಗಿರಬೇಕು. ಪಕ್ಕದ ಬೋರ್ಡು, ಟಾರಿನ ತೇಪೆ, ಕರ್ಬ್ ಬಣ್ಣ ಶುರುವಾಗುವ ಜಾಗ, ಯಾವುದಾದರೂ ಸರಿ, ಜರುಗದ ವಸ್ತು ಆಗಿರಲಿ. ನೆರಳನ್ನು ಗುರುತಾಗಿ ಇಟ್ಟುಕೊಂಡ ಗೆಳೆಯನೊಬ್ಬ ಮಧ್ಯಾಹ್ನದ ಸೆಷನ್‌ನಲ್ಲಿ ಸೀದಾ ಮಣ್ಣಿಗೆ ಹೋದ.

ಹಿಡಿಯುವ ರೀತಿ ಹೀಗೆ. ಮೊದಲು ಲಿವರ್ ಮೆಲ್ಲಗೆ ಒತ್ತಿ, ಫೋರ್ಕ್ ಕುಗ್ಗಲು ಒಂದು ಕ್ಷಣ ಕೊಡಿ. ಭಾರ ಮುಂದಕ್ಕೆ ಬಂದು ಟೈರ್ ನೆಲಕ್ಕೆ ಒತ್ತಿಕೊಳ್ಳುತ್ತದೆ. ಈಗ ಜೋರಾಗಿ ಹಿಂಡಿ, ಮೊದಲಿಗಿಂತ ಎಷ್ಟೋ ಜಾಸ್ತಿ ತಡೆದುಕೊಳ್ಳುತ್ತದೆ. ಮೊದಲೇ ಗಬಕ್ಕನೆ ಹಿಡಿದರೆ ಭಾರ ಬರುವ ಮುಂಚೆಯೇ ಚಕ್ರ ಲಾಕ್ ಆಗುತ್ತದೆ, ಅಥವಾ ಎಬಿಎಸ್ ಬಂದು ನಿಲ್ಲುವ ದೂರ ಉದ್ದವಾಗುತ್ತದೆ. ತೊಡೆಯಿಂದ ಟ್ಯಾಂಕ್ ಅವುಚಿ ಹಿಡಿದಿರಿ. ಇಲ್ಲದಿದ್ದರೆ ಮೈಭಾರವೆಲ್ಲ ಕೈಗೆ ಬಿದ್ದು ಹ್ಯಾಂಡಲ್ ಬಿಗಿಯಾಗುತ್ತದೆ, ಬಿಗಿಯಾದ ಹ್ಯಾಂಡಲ್ ತಿರುಗುವುದಿಲ್ಲ.

ಬಿಡುವುದು ಹಿಡಿಯುವುದಕ್ಕಿಂತ ಕಷ್ಟ. ತಿರುವಿಗೆ ಬಗ್ಗಿಸುತ್ತಾ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಎಷ್ಟು ಬಗ್ಗುತ್ತೀರೋ ಅಷ್ಟು ಬಿಡಬೇಕು. ಟೈರಿನ ಹತ್ತಿರ ಇರುವ ಗ್ರಿಪ್ಪನ್ನು ಒಂದು ನೂರು ರೂಪಾಯಿ ಅಂದುಕೊಳ್ಳಿ. ಬ್ರೇಕಿಗೆ ಎಂಬತ್ತು ಕೊಟ್ಟರೆ ತಿರುಗಲು ಉಳಿಯುವುದು ಕಡಿಮೆ. ಒಂದೇ ಸಲ ಲಿವರ್ ಬಿಟ್ಟರೆ ಫೋರ್ಕ್ ಜಿಗಿದು, ಮುಂದಿನ ಟೈರಿನ ಭಾರ ಹೋಗಿ, ಬೈಕ್ ಅಗಲಕ್ಕೆ ಹೋಗುತ್ತದೆ. ಆದರೆ ಹೊಸಬರು ಮೊದಲ ಒಂದೆರಡು ಟ್ರ್ಯಾಕ್ ಡೇ ನೇರ ಇರುವಾಗಲೇ ಬ್ರೇಕ್ ಮುಗಿಸಿ. ಈ ಎಳೆದು ಬಿಡುವ ಬ್ರೇಕಿಂಗ್ ಆಮೇಲೆ, ನಿಧಾನ ತಿರುವಿನಲ್ಲಿ ಕಲಿಯಿರಿ.

ತಿರುವಿನಲ್ಲಿ ಕಣ್ಣು ಎಲ್ಲಿರಬೇಕು?

ನೀವು ಈಗ ಇರುವ ಜಾಗದಲ್ಲಿ ಅಲ್ಲ. ಬ್ರೇಕ್ ಹಿಡಿದ ಕೂಡಲೇ ಬಗ್ಗಿಸುವ ಜಾಗ ನೋಡಿ. ಅಲ್ಲಿಗೆ ಬರುವ ಮುಂಚೆಯೇ ಅಪೆಕ್ಸ್, ಅಂದರೆ ತಿರುವಿನ ಒಳ ಅಂಚಿಗೆ ಅತಿ ಹತ್ತಿರ ಹೋಗುವ ಜಾಗ, ನೋಡಿ. ಅಪೆಕ್ಸ್ ಮುಟ್ಟುವ ಮುಂಚೆಯೇ ಹೊರಗೆ ಹೋಗುವ ಜಾಗ ನೋಡಿ. ಹೊಸಬರೆಲ್ಲರೂ ಮಾಡುವ ತಪ್ಪು, ಬೇಗ ಬಗ್ಗಿಸುವುದು. ಬೇಗ ಬಗ್ಗಿಸಿದರೆ ಅಪೆಕ್ಸ್ ಬೇಗ ಸಿಗುತ್ತದೆ, ಆಮೇಲೆ ಟ್ರ್ಯಾಕ್ ಸಾಲದೆ ಹೋಗುತ್ತದೆ. ಇನ್ನೊಂದು ಬೈಕಿನಷ್ಟು ದೂರ ತಾಳಿ, ಆಮೇಲೆ ಒಂದೇ ಸಲ ಚುರುಕಾಗಿ ಬಗ್ಗಿಸಿ. ಬಗ್ಗಿಸುವುದು ಹ್ಯಾಂಡಲ್ ಒತ್ತಿ. ಬಲಕ್ಕೆ ಹೋಗಲು ಬಲ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಊರಿನಲ್ಲೂ ನೀವು ತಿಳಿಯದೆ ಹಾಗೇ ಮಾಡುತ್ತಿರುತ್ತೀರಿ.

ಅಗಲಕ್ಕೆ ಹೋಗಿಬಿಟ್ಟೆ, ಟ್ರ್ಯಾಕ್ ಮುಗಿಯುತ್ತಿದೆ. ಏನು ಮಾಡಲಿ?

ಆಕ್ಸಿಲರೇಟರ್ ಒಂದೇ ಸಲ ಬಿಡಬೇಡಿ, ಬ್ರೇಕ್ ಗಬಕ್ಕನೆ ಹಿಡಿಯಬೇಡಿ. ತಲೆ ತಿರುಗಿಸಿ ತಿರುವಿನ ಒಳಗೆ ನೋಡಿ, ಒಳಗಿನ ಹ್ಯಾಂಡಲ್ ಇನ್ನೂ ಒತ್ತಿ. ಹತ್ತರಲ್ಲಿ ಎಂಟು ಸಲ ಬೈಕ್ ತಿರುಗುವಷ್ಟು ಗ್ರಿಪ್ ಇನ್ನೂ ಇರುತ್ತದೆ, ಇಲ್ಲದಿರುವುದು ನಮ್ಮ ನಂಬಿಕೆ. ನಿಜಕ್ಕೂ ಜಾಗ ಇಲ್ಲವಾದರೆ ಬೈಕನ್ನು ನೇರ ಮಾಡಿ, ಬ್ರೇಕ್ ಬಿಟ್ಟು, ಮಣ್ಣಿಗೆ ನೇರವಾಗಿ ಹೋಗಿ. ಮಣ್ಣಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ವಾಪಸ್ ಬರುವಾಗ ಹಿಂದೆ ನೋಡಿಕೊಂಡು, ಟ್ರ್ಯಾಕ್‌ನ ಅಂಚಿನಲ್ಲೇ ಸೇರಿ. ಟೈರಿಗೆ ಮಣ್ಣು ಹತ್ತಿರುತ್ತದೆ, ಒಂದು ಸುತ್ತು ನಿಧಾನ.

ವೇಗದ ಲೆಕ್ಕ ತಲೆಯಲ್ಲಿರಲಿ. 60ರಲ್ಲಿ ಹೋಗುತ್ತಿದ್ದ ತಿರುವಿಗೆ 66ರಲ್ಲಿ ಹೋದರೆ ವೇಗ ಏರಿದ್ದು ನೂರಕ್ಕೆ ಹತ್ತು. ಟೈರಿನಿಂದ ಕೇಳುವ ಹಿಡಿತ ಏರಿದ್ದು ನೂರಕ್ಕೆ ಇಪ್ಪತ್ತೊಂದು. ಅದಕ್ಕೇ ಒಂದೊಂದು ಕಿ.ಮೀ ಏರಿಸುತ್ತಾ ಹೋಗಬೇಕು.

ಮೂರು ಸುತ್ತಿಗೇ ಕೈ ಮರಗಟ್ಟುತ್ತದೆ.

ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತಿದ್ದೀರಿ. ತೊಡೆಗೆ ಕೆಲಸ ಕೊಡಿ. ಟ್ಯಾಂಕಿಗೆ ರಬ್ಬರಿನ ಗ್ರಿಪ್ ಪ್ಯಾಡ್ ಅಂಟಿಸಿ. ಬಸ್ಕಿ, ಪ್ಲ್ಯಾಂಕ್ ಶುರು ಮಾಡಿ. ಚೆನ್ನೈ ಸೆಕೆಯಲ್ಲಿ ಲೆದರ್ ಸೂಟಿನ ಒಳಗೆ ನೀರು ಬಹಳ ಬೇಗ ಹೋಗುತ್ತದೆ. ಸೆಷನ್ ನಡುವೆ ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯುತ್ತಿರಿ. ಸುಸ್ತಾದರೆ ಕೊನೆಯ ಸೆಷನ್ ಬಿಡಿ. ದಿನದ ಕೊನೆಯಲ್ಲಿ ಬೀಳುವವರು ಜಾಸ್ತಿ.

ಬಾವುಟಗಳು?

ಹಳದಿ: ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಹಳದಿ-ಕೆಂಪು ಪಟ್ಟೆ: ಟ್ರ್ಯಾಕ್ ಜಾರುತ್ತದೆ. ನೀಲಿ: ನಿಮಗಿಂತ ವೇಗದವರು ಹಿಂದೆ ಇದ್ದಾರೆ, ನಿಮ್ಮ ಲೈನಿನಲ್ಲೇ ಇರಿ. ಕೆಂಪು: ಸೆಷನ್ ನಿಂತಿತು, ಕೈ ಎತ್ತಿ ನಿಧಾನವಾಗಿ ಪಿಟ್‌ಗೆ. ಕಪ್ಪು: ನೀವೇ ಪಿಟ್‌ಗೆ ಬರಬೇಕು. ಮೊದಲ ಸುತ್ತಿನಲ್ಲೇ ಬಾವುಟದವರು ಎಲ್ಲೆಲ್ಲಿ ನಿಂತಿದ್ದಾರೆ ನೋಡಿಕೊಳ್ಳಿ.

ಮನೆಯವರು ಹೆದರುತ್ತಾರೆ. ಇದು ಅಪಾಯ ಅಲ್ವಾ?

ಅಪಾಯವೇ. ಮನೆಯವರಿಗೆ ಸುಳ್ಳು ಹೇಳಬೇಡಿ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಇದೇ ಚೆನ್ನೈ ಟ್ರ್ಯಾಕ್‌ನಲ್ಲಿ ರೇಸ್ ವೇಳೆ ಬಿದ್ದು ತೀರಿಕೊಂಡ. ಬಹಳ ಪ್ರತಿಭೆ ಇದ್ದ ಹುಡುಗ. ಆ ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೂ ನನ್ನ ಮಾತು ಇದು. ವೇಗದ ಆಸೆ ಇರುವವರಿಗೆ ನಂದಿಬೆಟ್ಟದ ರಸ್ತೆಗಿಂತ, ಏರ್‌ಪೋರ್ಟ್ ರಸ್ತೆಗಿಂತ ಟ್ರ್ಯಾಕ್ ಸಾವಿರ ಪಾಲು ಮೇಲು. ಇಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ, ಮರಳು ಬಿದ್ದಿರುವುದಿಲ್ಲ, ಆಂಬುಲೆನ್ಸ್ ನಿಂತಿರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಜೈಲೂ ಆಗಬಹುದು. ಮುಖ್ಯವಾಗಿ, ಅಲ್ಲಿ ಸಾಯುವುದು ನೀವೊಬ್ಬರೇ ಆಗಿರುವುದಿಲ್ಲ. ಟ್ರ್ಯಾಕ್‌ಗೆ ಹೋಗಿ ಬಂದವರು ರಸ್ತೆಯಲ್ಲಿ ನಿಧಾನವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಾನೂ ಹಾಗೇ ಆದೆ.

ಟ್ರ್ಯಾಕ್‌ನಲ್ಲಿ ಬಿದ್ದರೆ ಇನ್ಶೂರೆನ್ಸ್ ಸಿಗುತ್ತದಾ?

ರೇಸ್, ಸ್ಪೀಡ್ ಟೆಸ್ಟಿಂಗ್ ಇವನ್ನು ಮಾಮೂಲಿ ಬೈಕ್ ಪಾಲಿಸಿ ಹೊರಗಿಟ್ಟಿರುತ್ತದೆ. ಫೇರಿಂಗ್ (ಬೈಕಿನ ಹೊರಗಿನ ಕವಚ) ಒಡೆದರೆ ನಿಮ್ಮ ಖರ್ಚು. ನಿಮ್ಮ ಆರೋಗ್ಯ ವಿಮೆಯಲ್ಲಿ ಅಪಾಯದ ಕ್ರೀಡೆಗಳ ಬಗ್ಗೆ ಏನು ಬರೆದಿದೆ ಅಂತಲೂ ಹೋಗುವ ಮುಂಚೆ ಓದಿ.

ರೇಸ್‌ಗೆ ಸೇರಲು ಏನು ಬೇಕು?

ಎಫ್‌ಎಂಎಸ್‌ಸಿಐ ಲೈಸೆನ್ಸ್. ದೇಶದ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವ ಸಂಸ್ಥೆ ಅದು. ಅದಕ್ಕೂ ಮುಂಚೆ ಒಂದು ಒಳ್ಳೆಯ ತರಬೇತಿ ಶಾಲೆಗೆ ಹೋಗಿ. ಶುರುವಿಗೆ ಒಂದೇ ಮಾದರಿಯ ಬೈಕುಗಳ ರೇಸ್ ಆರಿಸಿಕೊಳ್ಳಿ. ಕಂಪನಿಯೇ ಎಲ್ಲರಿಗೂ ಒಂದೇ ತರದ ಬೈಕ್ ಕೊಡುವ ಟಿವಿಎಸ್ ಒನ್ ಮೇಕ್ ಚಾಂಪಿಯನ್‌ಶಿಪ್‌ನಂಥವು ಇವೆ. ದುಡ್ಡಿದ್ದವರ ಬೈಕ್ ಮುಂದೆ ಅನ್ನುವ ಮಾತು ಅಲ್ಲಿ ಬರುವುದಿಲ್ಲ.

ಲ್ಯಾಪ್ ಟೈಮ್ ಇಳಿಯುತ್ತಲೇ ಇಲ್ಲ. ಸಸ್ಪೆನ್ಷನ್ ಬದಲಿಸಲಾ?

ನಿಮ್ಮ ಐದು ಸುತ್ತಿನ ಟೈಮ್ ಬರೆಯಿರಿ. ಅವುಗಳ ನಡುವೆ ಎರಡು ಮೂರು ಸೆಕೆಂಡ್ ವ್ಯತ್ಯಾಸ ಇದ್ದರೆ ಬೈಕನ್ನು ಮುಟ್ಟಬೇಡಿ. ನೀವೇ ಪ್ರತಿ ಸುತ್ತು ಬೇರೆ ತರ ಓಡಿಸುತ್ತಿರುವಾಗ ಬೈಕಿನಲ್ಲಿ ಏನು ಬದಲಾಯಿತು ಅಂತ ತಿಳಿಯುವುದು ಹೇಗೆ? ಐದೂ ಸುತ್ತು ಒಂದು ಸೆಕೆಂಡಿನ ಒಳಗೆ ಬರುವವರೆಗೆ ಓಡಿಸಿ. ಆಮೇಲೆ ಕ್ಲಿಕ್ಕರ್ ತಿರುಗಿಸಿದರೆ ಅರ್ಥವಿದೆ.

ನನ್ನ ಹತ್ತಿರ ಒಂದು ಮಾಮೂಲಿ ನೋಟ್‌ಬುಕ್ ಇದೆ, ಮಕ್ಕಳ ಇನ್ನೂರು ಪುಟದ್ದು. ಪ್ರತಿ ಸೆಷನ್‌ಗೆ ಅರ್ಧ ಪುಟ. ಸಮಯ, ಬಿಸಿಲೋ ಮೋಡವೋ, ಟೈರ್ ಗಾಳಿ ಹೋಗುವಾಗ ಬಂದಾಗ, ಏನು ಬದಲಿಸಿದೆ, ಯಾವ ತಿರುವಿನಲ್ಲಿ ಏನನ್ನಿಸಿತು. ಟ್ರ್ಯಾಕ್‌ನ ಚಿತ್ರ ಬರೆದು 12 ತಿರುವಿಗೂ ಗೇರ್, ಬ್ರೇಕ್ ಗುರುತು ಬರೆಯುತ್ತೇನೆ. ಗುರುತು ನೆನಪಿಗೆ ಬಾರದ ತಿರುವೇ ನಾನು ಟೈಮ್ ಕಳೆದುಕೊಳ್ಳುತ್ತಿರುವ ತಿರುವು, ಪ್ರತಿ ಸಲವೂ. ಮುಂದಿನ ಸೆಷನ್ ಪೂರ್ತಿ ಆ ಒಂದು ತಿರುವಿಗೆ ಮೀಸಲು.

ಬೈಕನ್ನು ಓಡಿಸಿಕೊಂಡೇ ಹೋಗಬಹುದಾ? ವಾಪಸ್ ಬಂದ ಮೇಲೆ ಏನು ಕೆಲಸ?

ಮೂರು ನಾಲ್ಕು ಜನ ಸೇರಿ ಟೆಂಪೋ ಮಾಡಿಕೊಳ್ಳಿ. ಇಡೀ ದಿನ ಓಡಿಸಿ, ದಣಿದ ಕೈಯಲ್ಲಿ ರಾತ್ರಿ ಹೆದ್ದಾರಿಯಲ್ಲಿ 300 ಕಿ.ಮೀ ಬರುವುದು ಬೇಡ. ಬಿದ್ದು ಹ್ಯಾಂಡಲ್ ಬಾಗಿದ್ದರೆ ಬರಲು ಆಗುವುದೂ ಇಲ್ಲ. ಓಡಿಸಿಕೊಂಡೇ ಹೋಗಲೇಬೇಕಾದರೆ ಬಿಚ್ಚುವ ಕೆಲಸವನ್ನೆಲ್ಲ ಅಲ್ಲಿಗೆ ಹೋದ ಮೇಲೆ ಮಾಡಿ, ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ.

ಊರಿನಲ್ಲಿ ಮತ್ತೆ ಓಡಿಸುವ ಮುಂಚೆ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಹಾಕಿ, ಕೂಲೆಂಟ್ ತುಂಬಿಸಿ, ಕನ್ನಡಿ, ನಂಬರ್ ಪ್ಲೇಟ್, ಸೀರೆ ಗಾರ್ಡ್ ವಾಪಸ್ ಕೂರಿಸಿ, ಲೈಟಿನ ಟೇಪ್ ಕಿತ್ತು ಬ್ರೇಕ್ ಲೈಟ್ ಉರಿಯುತ್ತದಾ ನೋಡಿ. ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಇಂಜಿನ್ ಆಯಿಲ್ ಬದಲಿಸಿ, ಕಿಲೋಮೀಟರ್ ಕಡಿಮೆ ಆಗಿದ್ದರೂ ಪರವಾಗಿಲ್ಲ, ಅದು ಇಡೀ ದಿನ ರೆಡ್‌ಲೈನ್ ಹತ್ತಿರವೇ ಕುದ್ದಿದೆ. ಬೋಲ್ಟಿನ ಮೇಲಿನ ಬಣ್ಣದ ಗೆರೆಗಳನ್ನು ಇನ್ನೊಮ್ಮೆ ನೋಡಿ, ಜರುಗಿದ್ದರೆ ಬಿಗಿ ಮಾಡಿ, ಯಾವುದು ಜರುಗಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ.